ನಾನು ನಡೆಯದ ಹೊಲಗಳು

ಕೆಂಚಯ್ಯನವರ ಕೆಲಸ ಕಳೆದವನು ನಾನು. ಕಾನೂನು ಬದಲಾಯಿತು, ಹಳೆಯ ವ್ಯವಸ್ಥೆ ಹೋಯಿತು, ಅದರ ಜೊತೆಗೆ ಅವರೂ ಹೋದರು — ಇಷ್ಟು ವರ್ಷ ಹೀಗೇ ಹೇಳಿಕೊಂಡು ಬಂದೆ. ಹೇಳಿ ಹೇಳಿ ನನಗೇ ಅದು ನಿಜವಾಗಿಬಿಟ್ಟಿತ್ತು. ನಿಜವಲ್ಲ. ಅವರು ಉಳಿಯಬಹುದಿತ್ತು. ನಾನು ಒಂದು ಮಾತು ಆಡಬೇಕಾಗಿತ್ತು, ಅಷ್ಟೆ.

ಅರವತ್ತರ ದಶಕದ ಮೊದಲ ವರ್ಷಗಳು. ತಂದೆಯಿಂದ ಮಗನಿಗೆ ಬರುತ್ತಿದ್ದ ಶಾನುಭೋಗಿಕೆ, ಪಟೇಲಿಕೆಗಳನ್ನು ಸರ್ಕಾರ ರದ್ದು ಮಾಡಿತ್ತು. ಇನ್ನು ಮೇಲೆ ಊರಿನ ಜಮೀನಿನ ದಾಖಲೆ ಬರೆಯುವವನು ಸಂಬಳದ ನೌಕರ. ಅವನನ್ನು ಆರಿಸುವುದು ಮನೆತನ ನೋಡಿ ಅಲ್ಲ, ಅಂಕ ನೋಡಿ. ಚನ್ನರಾಯಪಟ್ಟಣದ ಕಡೆಯ ಒಕ್ಕಲು ಮನೆಯಿಂದ ಬಂದ ನಾನು ಹಾಗೆ ಆಯ್ಕೆಯಾದವನು. ನಮ್ಮ ವಂಶದಲ್ಲಿ ಶಾನುಭೋಗರ ಜಗಲಿಯ ಮೇಲೆ ಕೂತವರೇ ಇರಲಿಲ್ಲ. ಹಾಸನದಲ್ಲಿ ತರಬೇತಿ ಕೊಟ್ಟವರು ಹೇಳುತ್ತಿದ್ದರು — ಆಡಳಿತ ಇನ್ನು ಯಾರದೋ ನೆನಪಿನ ಮೇಲೆ ನಡೆಯುವುದಿಲ್ಲ, ಕಾಗದದ ಮೇಲೆ ನಡೆಯುತ್ತದೆ. ಆ ಮಾತನ್ನು ನಂಬಿದೆ. ಈಗಲೂ — ಅರ್ಧ ನಂಬುತ್ತೇನೆ.

ಮಲ್ಲಿಪಟ್ಟಣದ ಕಡೆಯ ಒಂದು ಊರಿಗೆ ಹಾಕಿದರು. ಕೆಂಚಯ್ಯ ಅಲ್ಲಿನ ತೋಟಿ. ಊರ ಹೊರಗಿನ ಕೇರಿಯವರು. ನೋಟೀಸು ಮುಟ್ಟಿಸುವುದು, ಗಡಿಕಲ್ಲು ತೋರಿಸುವುದು ಅವರ ಮನೆಗೆ ತಲೆತಲಾಂತರದಿಂದ ಬಂದ ಕೆಲಸ. ಪ್ರತಿಯಾಗಿ ಸುಗ್ಗಿಯಲ್ಲಿ ಒಂದೊಂದು ಕಣದಿಂದಲೂ ಒಂದಿಷ್ಟು ರಾಗಿ. ಅದಕ್ಕೆ ಆಯ ಎನ್ನುತ್ತಿದ್ದರು. ವರ್ಷದ ಊಟ ಅದೇ. ಅವರು ನನ್ನ ತಂದೆಯ ವಯಸ್ಸಿನವರು. ನಾನು ‘ಬಾರಯ್ಯ’, ‘ಹೋಗಯ್ಯ’ ಎನ್ನುತ್ತಿದ್ದೆ. ಈ ‘ಅವರು’ ಈಗ ಬಂದದ್ದು.

ಬೆಳೆ ನಿಂತಿರುವಾಗ ಪ್ರತಿ ಹೊಲಕ್ಕೂ ಹೋಗಿ, ಏನು ಬೆಳೆದಿದೆ, ಯಾರು ಉಳುತ್ತಿದ್ದಾರೆ ಎಂದು ಕಣ್ಣಾರೆ ಕಂಡು ಪಹಣಿ ಪುಸ್ತಕದಲ್ಲಿ ಬರೆಯಬೇಕು — ನನ್ನ ಕೆಲಸದ ತಿರುಳೇ ಅದು. ಮೊದಲ ಸಲ ನಡೆದೆ. ನಕ್ಷೆ ಹರಡಿಕೊಂಡು ಹುರುಳಿ ಹೊಲದ ನಡುವೆ ದಿಕ್ಕು ತಪ್ಪಿ ನಿಂತೆ. ಕೆಂಚಯ್ಯ ಪೊದೆಯೊಳಗೆ ನುಗ್ಗಿ ಹಿಮ್ಮಡಿಯಿಂದ ಮಣ್ಣು ಕೆರೆದರು. ಕಲ್ಲು ಕಂಡಿತು.

“ನಕ್ಸೆ ಮಡುಚ್ಕಳಿ ಸಾ, ಗಾಳೀಗೆ ಅರ್ದೋದಾತು. ಕಲ್ಲು ಎಲ್ಲೂ ಓಗಾಕಿಲ್ಲ.”

ಹೊಲದಲ್ಲಿ ಅವರು ನನ್ನ ಮುಂದೆ ನಡೆಯುತ್ತಿದ್ದರು. ಊರು ಹತ್ತಿರವಾದೊಡನೆ, ಯಾರೂ ಹೇಳದೆ, ಹಿಂದಕ್ಕೆ ಸರಿಯುತ್ತಿದ್ದರು. ನಾನೂ ‘ಜೊತೆಗೆ ಬಾ’ ಎನ್ನಲಿಲ್ಲ.

ಮುಂದಿನ ಸಲ ನಾನು ನಡೆಯಲಿಲ್ಲ. ಶಾಲೆಯ ಜಗಲಿಯ ಮೇಲೆ ಪುಸ್ತಕ ಬಿಚ್ಚಿಕೊಂಡು ಕೂತೆ. ಅವರು ಅಂಗಳದಲ್ಲಿ ನಿಂತು ಬಾಯಲ್ಲೇ ಊರು ಸುತ್ತಿಸಿದರು. “ಬಸ್ರಿ ಮರದ ವಲ — ರಾಗಿ, ನಡ್ನಡುವೆ ಅವ್ರೆ. ಅದ್ರ ಪಕ್ಕದ್ದು ಬೀಳು ಬುಟ್ಟವ್ರೆ, ಅಣ್ತಮ್ದೀರ್ ಜಗ್ಳ ಕಣ್ ಸಾ.” ನಾನು ಅದಕ್ಕೆ ನಂಬರು ಹಾಕಿದೆ. ಕೊನೆಯಲ್ಲಿ ‘ಖುದ್ದು ಸ್ಥಳಕ್ಕೆ ಹೋಗಿ ನೋಡಿದೆ’ ಎಂದು ಬರೆದು ಸಹಿ ಮಾಡಿದೆ. ಏನು ಬರೆದಿರಿ ಎಂದು ಕೇಳಿದರು, ಓದಿ ಹೇಳಿದೆ. ನಕ್ಕರು.

“ಬರೀರಿ ಸಾ. ಇಬ್ರಲ್ಲಿ ಒಬ್ರು ನಡೆದಿದ್ರೆ ಸಾಕಲ್ವಾ.”

ಹೀಗೆ ಎರಡು ವರ್ಷ. ಆಮೇಲೆ ತಾಲ್ಲೂಕಿನಿಂದ ಒಬ್ಬ ಹೊಸ ಅಧಿಕಾರಿ ತಪಾಸಣೆಗೆ ಬಂದರು. ಒಳ್ಳೆಯ ಮನುಷ್ಯ, ಚುರುಕು. ಹತ್ತಿರದ ನಾಲ್ಕು ಹೊಲ ನೋಡಿ ಪುಸ್ತಕಕ್ಕೆ ತಾಳೆ ಹಾಕಿದರು. ಒಂದು ತಪ್ಪೂ ಇರಲಿಲ್ಲ. “ಇಡೀ ಹೋಬಳಿಯಲ್ಲಿ ಇಂಥ ಪಹಣಿ ನೋಡಿಲ್ಲ ಕಣ್ರೀ” ಎಂದರು. ಜಗಲಿಯ ಮೇಲೆ ಕೂತು, ಅಂಗಳದಲ್ಲಿ ನಿಂತಿದ್ದ ಕೆಂಚಯ್ಯನವರತ್ತ ಗದ್ದ ಎತ್ತಿ ತೋರಿಸಿದರು.

“ಹಳೇ ಚಾಕರರನ್ನೆಲ್ಲ ಉಳಿಸಿಕೊಳ್ಳೋ ಹಾಗಿಲ್ಲ. ನಿಜವಾಗಿ ಬೇಕಾದವರ ಹೆಸರಷ್ಟೇ ಕಳಿಸ್ತೀನಿ. ನಿಮಗೆ ಇವನು ಬೇಕೇನ್ರೀ?”

ಬೇಕು ಎಂದರೆ ಯಾಕೆ ಎಂದು ಕೇಳುತ್ತಿದ್ದರು. ಆಗ ಆ ಪುಸ್ತಕದ ಹೊಲಗಳನ್ನು ನಡೆದವರು ಯಾರೆಂದು ಹೇಳಬೇಕಾಗುತ್ತಿತ್ತು. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಇದನ್ನೆಲ್ಲ ಆ ಕ್ಷಣ ಯೋಚಿಸಿದೆನೋ, ಆಮೇಲೆ ಜೋಡಿಸಿಕೊಂಡೆನೋ — ಗೊತ್ತಿಲ್ಲ. ಹೆದರಿದ್ದೆ ಎಂದು ಬರೆದರೆ ಓದುವವರು ಅಯ್ಯೋ ಅನ್ನುತ್ತಾರೆ. ಹೊಗಳಿಕೆಯ ರುಚಿ ಇನ್ನೂ ಬಾಯಲ್ಲಿತ್ತು ಎನ್ನುವುದೂ ಅಷ್ಟೇ ನಿಜ.

“ಬೇಡ ಸಾರ್. ಗಡಿಯೆಲ್ಲ ನನಗೇ ಗೊತ್ತು.”

ಕೆಂಚಯ್ಯನವರಿಗೆ ಕೇಳಿಸಿತು. ಅವರು ನನ್ನನ್ನು ನೋಡಿದರು ಎಂದು ಬರೆಯಹೊರಟೆ — ಅವರ ಮುಖ ನಾನು ನೋಡಲೇ ಇಲ್ಲ. ಅಧಿಕಾರಿ ಅದನ್ನೇ ಬರೆದು ಕೊಡಿ ಎಂದರು. ಬರೆದು ಕೊಟ್ಟೆ.

ಅಧಿಕಾರಿ ಹೋದ ಮೇಲೆ ಕೆಂಚಯ್ಯ ಕೇಳಿದರು, “ಅಂಗಾರೆ ನಾಳಿಂದ ಬರಾದು ಬ್ಯಾಡ್ವಾ ಸಾ?”

“ನೋಡೋಣ ಕಣಯ್ಯ” ಎಂದೆ. ನೋಡುವುದಕ್ಕೆ ಏನೂ ಉಳಿದಿರಲಿಲ್ಲ.

ಇದನ್ನು ಬೇರೆಯವರಿಗೆ ಹೇಳುವಾಗಲೆಲ್ಲ ಇಲ್ಲಿ ಒಂದು ಮಾತು ಸೇರಿಸುತ್ತಿದ್ದೆ — ‘ವಯ್ಸಾತು ಸಾ, ನಂಗೂ ಸಾಕಾಗಿತ್ತು’ ಎಂದು ಅವರೇ ಅಂದರು ಅಂತ. ಅವರು ಅನ್ನಲಿಲ್ಲ. ಅದು ನಾನು ಕಟ್ಟಿದ್ದು. ಯಾವಾಗ ಕಟ್ಟಿದೆನೋ ನೆನಪಿಲ್ಲ. ಈಗ ಅದು ಅವರ ದನಿಯಲ್ಲೇ ಕೇಳಿಸುತ್ತದೆ.

ಆ ಸುಗ್ಗಿಯಲ್ಲಿ ಅವರು ಎಂದಿನಂತೆ ಕಣಗಳಿಗೆ ಹೋದರು. “ಸರ್ಕಾರದ್ ಕೆಲ್ಸಾನೇ ಓದ್ಮ್ಯಾಕೆ ಎಂಥಾ ಆಯ ಕಣ್ಲಾ?” ಎಂದರಂತೆ ಒಕ್ಕಣೆ ಮಾಡುತ್ತಿದ್ದವರು. ಗಂಡ ಹೆಂಡತಿ ಬರಿಯ ಕುಕ್ಕೆ ಹಿಡಿದು ಕೇರಿಗೆ ಮರಳುವುದನ್ನು ಶಾಲೆಯ ಕಿಟಕಿಯಿಂದ ಕಂಡೆ. ಕರೆಯಲಿಲ್ಲ. ಮರುವರ್ಷ ನಾನು ಖಾಯಂ ಆದೆ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಗೊರೂರಿನಲ್ಲಿ ಅಣೆಕಟ್ಟಿನ ಕೆಲಸ ಶುರುವಾಗಿತ್ತು. ಒಂದು ದಿನ ಅಲ್ಲಿಂದ ಹಾಸನದ ಬಸ್ಸು ಹತ್ತಿದೆ. ತುಂಬಿತ್ತು. ಮೈಯೆಲ್ಲ ಮಣ್ಣಾಗಿದ್ದ ಮುದುಕರೊಬ್ಬರು ನನ್ನನ್ನು ಕಂಡು ಎದ್ದು ನಿಂತರು.

“ಬನ್ನಿ ಸಾ, ಕೂತ್ಕಳಿ.”

ಕೆಂಚಯ್ಯ. ಮಣ್ಣು ಹೊರುವ ಕೆಲಸಕ್ಕೆ ಸೇರಿದ್ದರು. ನಾನು ಕೂತೆ.

“ಈಗ ಕಲ್ಲು ಯಾರ್ ತೋರುಸ್ತಾರೆ ಸಾ?”

ಯಾರೂ ತೋರಿಸುತ್ತಿರಲಿಲ್ಲ. ಹಳೆಯ ಪುಸ್ತಕ — ಅವರು ಹೇಳಿ ಬರೆಸಿದ್ದು — ಅದನ್ನೇ ವರ್ಷ ವರ್ಷವೂ ನಕಲು ಮಾಡುತ್ತಿದ್ದೆ.

“ನಾನೇ ಹೋಗಿ ನೋಡ್ತೀನಿ ಕಣಯ್ಯ.”

“ಒಬ್ರೇ ಅಷ್ಟೊಂದು ನಡೀಬೇಕು. ಬಿಸ್ಲಲ್ಲಿ ವಸಿ ಉಷಾರು ಸಾ.”

ಅದು ಚುಚ್ಚುಮಾತಾಗಿದ್ದರೆ ಎಂದು ಎಷ್ಟೋ ಸಲ ಆಸೆಪಟ್ಟಿದ್ದೇನೆ. ಅಲ್ಲ. ನನ್ನ ಬಗ್ಗೆ ಅವರಿಗೆ ನಿಜವಾಗಿ ಮರುಕವಿತ್ತು. ಹಾಸನ ಬರುವವರೆಗೂ ಅವರು ಕಂಬಿ ಹಿಡಿದು ನಿಂತೇ ಇದ್ದರು. ನಾನು ಏಳಲಿಲ್ಲ.