ಬಾಯಲ್ಲಿ ಊದಿದ ಬಲೂನು

ಉದ್ಯಾನದ ಗೇಟಿನ ಮುಂದೆ ಇಪ್ಪತ್ತೆರಡು ವರ್ಷ ಬಲೂನು ಮಾರಿದ ಅವನು ಮಕ್ಕಳ ಬಾಯಲ್ಲಿ ಗಾಳಿಮಾಮ. ಎಷ್ಟೇ ದೊಡ್ಡ ಬಲೂನಾದರೂ ಅವನಿಗೆ ಒಂದೇ ಉಸಿರು. ಸಾಂಕ್ರಾಮಿಕ ರೋಗ ಬಂದು ಉದ್ಯಾನಕ್ಕೆ ಬೀಗ ಬಿದ್ದ ಮೇಲೆ ಏಳು ತಿಂಗಳು ಮನೆಯಲ್ಲಿ ಕೈಕಟ್ಟಿ ಕುಳಿತ. ಹೆಂಡತಿ ಹೊಲಿದ ಮಾಸ್ಕುಗಳಿಂದ ಹೇಗೋ ಒಲೆ ಉರಿಯಿತು.

ಗೇಟು ತೆರೆದ ದಿನ ಬೆಳಿಗ್ಗೆಯೇ ಹೋಗಿ, ಮಾಸ್ಕು ಕೆಳಗಿಳಿಸಿ, ಕೆಂಪು ಬಲೂನೊಂದನ್ನು ಊದಿ ಹಿಡಿದ. ಪುಟ್ಟ ಹುಡುಗಿಯೊಬ್ಬಳು ಕೈಚಾಚಿದಳು. ಅವಳ ತಾಯಿ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.

"ತಪ್ಪು ತಿಳ್ಕೋಬೇಡಿ. ಬಾಯಲ್ಲಿ ಊದಿದ್ದೀರಲ್ಲ, ಅದಕ್ಕೆ."

"ಸರಿಯಮ್ಮ," ಎಂದ. ಸಂಜೆಯವರೆಗೂ ಒಂದೂ ಹೋಗಲಿಲ್ಲ.

ಮನೆಗೆ ಬಂದು ಹೇಳಿದಾಗ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿದಳು. "ತುಂಬಾ ಬೇಜಾರಾಯ್ತಾ?"

"ಆಗ್ಬೇಕಿತ್ತು. ಏನೂ ಆಗ್ಲಿಲ್ಲ ನೋಡು."

ಮರುದಿನ ಅವಳು ಅಣ್ಣನ ಮನೆಯಿಂದ ಗಾಳಿ ಹೊಡೆಯುವ ಕೈಪಂಪು ತಂದುಕೊಟ್ಟಳು. ಈಗ ಅವನು ಎಲ್ಲರಿಗೂ ಕಾಣುವಂತೆ ಅದರಲ್ಲೇ ಗಾಳಿ ತುಂಬುತ್ತಾನೆ. ಅಷ್ಟೋ ಇಷ್ಟೋ ವ್ಯಾಪಾರವೂ ಆಗುತ್ತದೆ. ಪಂಪು ಒತ್ತುವಾಗ ಕಣ್ಣು ರಸ್ತೆಯ ಮೇಲಿರುತ್ತದೆ, ಮನಸ್ಸು ಎಲ್ಲೂ ಇರುವುದಿಲ್ಲ. ಕೈಯಲ್ಲೇ ಬಲೂನು ಒಡೆದರೂ ಬೆಚ್ಚುವುದಿಲ್ಲ. ಚೂರುಗಳನ್ನು ಜೇಬಿಗೆ ಹಾಕಿಕೊಂಡು ಇನ್ನೊಂದನ್ನು ಸಿಕ್ಕಿಸುತ್ತಾನೆ.