ಜಂಕ್ಷನ್ನಿನಲ್ಲಿ ಬಲಕ್ಕೆ ತಿರುಗಿದ ವಿಮಾನ

ಆಕಾಶಕ್ಕೆ ಬೇಲಿ ಹಾಕಿದವರಿಲ್ಲ ಎಂಬರ್ಥದ ಸಾಲೊಂದನ್ನು ಎಲ್ಲೋ ಓದಿದ ನೆನಪು. ಬರೆದವರು ಎಂದಾದರೂ ನನ್ನ ತಮ್ಮನ ಪಕ್ಕ ಕುಳಿತು ಹಾರಿದ್ದರೇ? ಸ್ನೇಹಿತರೇ, ನಾನು ಹಾರಿ ಬಂದಿದ್ದೇನೆ.

ಅವನು ಹವ್ಯಾಸಕ್ಕೆಂದು ಎರಡು ಸೀಟಿನ ಪುಟ್ಟ ವಿಮಾನ ಹಾರಿಸುತ್ತಾನೆ. ಇವತ್ತು ನನ್ನನ್ನೂ ಕೂರಿಸಿಕೊಂಡು, ಕೆಳಗಿನ ರೈಲು ಹಳಿ ನೋಡಿಕೊಂಡೇ ದಾವಣಗೆರೆ ಕಡೆ ಹೊರಟ. "ನಮ್ ಸೀಮೆಗೆ ಮ್ಯಾಪ್ ಯಾಕಕ್ಕ?" ಎಂದ. ನಮ್ಮೂರು ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಅಮ್ಮನಿಗೆ ಕಾಣಲೆಂದು ನಮ್ಮ ಮನೆಯ ಮೇಲೆ ಎರಡು ಸುತ್ತು ಹೊಡೆದು ಮತ್ತೆ ಹಳಿ ಹಿಡಿದ.

ಸ್ವಲ್ಪ ಹೊತ್ತಿಗೆ ಬಂಡೆಗಳ ನಡುವೆ ಕೋಟೆ ಕಂಡಿತು.

"ಲೇ, ದಾವಣಗೆರೆ ದಾರ್ಯಾಗೆ ದುರ್ಗದ ಕೋಟೆ ಯಾಕೈತೋ?"

ಅವನು ಬಾಯಿ ತೆರೆಯುವಷ್ಟರಲ್ಲಿ ಕೋಟೆ ಹಿಂದಾಯಿತು. ರೇಡಿಯೊದಲ್ಲಿ ಗಡಸು ದನಿಯೊಂದು ಗುಡುಗಿತು: "ನೀವು ನಿಯಂತ್ರಿತ ವಾಯುಪ್ರದೇಶದೊಳಗೆ ಬಂದಿದ್ದೀರಿ. ಅನುಮತಿ ಇಲ್ಲ. ಕೂಡಲೇ ಹಿಂತಿರುಗಿ!"

ತಮ್ಮನ ಮುಖ ಬಿಳಿಚಿಕೊಂಡಿತು. "ಸಾರಿ ಸರ್" ಎನ್ನುವುದಕ್ಕೂ ಎರಡು ಸಲ ತೊದಲಿದ.

ಈಗ ಅವನು ಲಿಖಿತ ವಿವರಣೆ ಕೊಡಬೇಕು. ಲೈಸೆನ್ಸೇ ಹೋಗಬಹುದು. ಮನೆಗೆ ಬಂದು ಕೂತರೂ ಅಮ್ಮ ಬಡಿಸಿದ ರೊಟ್ಟಿ ಅವನ ತಟ್ಟೆಯಲ್ಲೇ ಇದೆ.

ವಿಷಯ ಕೇಳಿ ಪಕ್ಕದ ಮನೆಯ ರುದ್ರಪ್ಪನವರು ಬಂದರು. ಮೂವತ್ತು ವರ್ಷ ಇದೇ ಸ್ಟೇಷನ್ನಿನಲ್ಲಿ ರೈಲಿಗೆ ಹಳಿ ಬದಲಿಸಿಕೊಟ್ಟವರು. ಬಾಗಿಲಲ್ಲೇ ನಿಂತು ನನಗೆ ಹೇಳಿದರು:

"ಲೈಸೆನ್ಸ್ ಹೋದ್ರೆ ಹೋಗ್ಲಿ ಬಿಡವ್ವ. ಜಂಕ್ಷನ್ನಾಗೆ ಹುಟ್ಟಿ ಬೆಳೆದೋನು ದುರ್ಗದ ಲೈನ್ ಯಾವ್ದು, ದಾವಣಗೆರೆ ಲೈನ್ ಯಾವ್ದು ತಿಳೀದೆ ಹೋದ ಅಂತ ಮಾತ್ರ ಯಾರಿಗೂ ಹೇಳಬ್ಯಾಡ."