ಗಾಯವಿಲ್ಲದ ಬೆನ್ನಿಗೆ ಪಟ್ಟಿ

ತೊಂಬತ್ತರ ದಶಕದ ಕೊನೆಯಲ್ಲಿ, ಕಿಡ್ನಿಯ ಕಲ್ಲು ಒಡೆಯುವ ಯಂತ್ರವನ್ನು ವ್ಯಾನಿನಲ್ಲಿ ಮುದ್ದೇಬಿಹಾಳದ ಆಸ್ಪತ್ರೆಗೆ ಒಯ್ದಿದ್ದೆ; ಅದನ್ನು ನಡೆಸುವ ಕೆಲಸ ನನ್ನದು. ಹತ್ತಿರದ ಹಳ್ಳಿ ತಂಗಡಗಿಯ ಗುರುಬಾಯಿ ಆಪರೇಷನ್ನಿಗೆ ಹೆದರಿ ವರ್ಷವಿಡೀ ನೋವು ನುಂಗಿದ್ದವರು. ಯಂತ್ರದ ನೀರು ತುಂಬಿದ ದಿಂಬಿಗೆ ಬೆನ್ನು ಕೊಟ್ಟು ಮಲಗಿದರು. ಯಂತ್ರ ಟಕ್ ಟಕ್ ಎಂದು ಶಬ್ದದ ಅಲೆಗಳನ್ನು ಬಿಡತೊಡಗಿತು.

"ಒಳಗ ಯಾರೋ ಬಾಗಲಾ ಬಡ್ಯಾಕತ್ತಾರ್ರಿ," ಎಂದರು.

ನಿಧಾನವಾಗಿ ಯಂತ್ರದ ಪರದೆಯ ಮೇಲೆ ಕಾಣುತ್ತಿದ್ದ ಕಲ್ಲು ಉಸುಕಿನಂತೆ ಚದುರಿತು. ಎಷ್ಟೋ ಸಲ ನೋಡಿದ್ದ ನನಗೂ ಮೈ ಜುಮ್ಮೆಂದಿತು. ಚರ್ಮ ಕೊಂಚ ಕೆಂಪಾಗಿತ್ತು, ಅಷ್ಟೇ.

"ಕಲ್ಲು ಒಡೀತ್ರಿ. ನೀರು ಭಾಳ ಕುಡೀರಿ, ಚೂರು ಮೂತ್ರದಾಗ ಹೋಗ್ತಾವ," ಎಂದೆ.

ಗುರುಬಾಯಿ ಎದ್ದು ಕೂತು ಬೆನ್ನು ಸವರಿಕೊಂಡರು. ಕಣ್ಣು ತುಂಬಿತ್ತು. ಆಮೇಲೆ ಮೆಲ್ಲಗೆ, "ಒಂದು ಪಟ್ಟಿ ಸುತ್ತಿ ಕಳಸ್ರಿ. ಗಾಯ ಇಲ್ಲಂದ್ರ ಮನ್ಯಾಗ ಯಾರೂ ನಂಬಂಗಿಲ್ಲ, ನಾಳಿನೇ ಹೊಲಕ್ಕ ಅಟ್ಟತಾರ," ಎಂದರು.

ಸುತ್ತಿ ಕಳಿಸಿದೆ. ಆ ಯಂತ್ರದ ಕೆಲಸದಲ್ಲಿ ಬ್ಯಾಂಡೇಜು ಬೇಕಾದದ್ದು ಅದೊಂದೇ ಸಲ.